50 ರೂಪಾಯಿಯಿಂದ ಜೀವಾವಧಿಯವರೆಗೆ: ಪ್ರಾಣಿಗಳ ಮೇಲಿನ ಲೈಂಗಿಕ ಕೃತ್ಯಕ್ಕೆ ಎಲ್ಲೆಲ್ಲಿ ಯಾವ ಕಾನೂನು

ತುಂಗಭದ್ರೆಯ ದಕ್ಷಿಣಕ್ಕೆ ಸಿರುಗುಪ್ಪ ತಾಲೂಕು, ಉತ್ತರಕ್ಕೆ ಸಿಂಧನೂರು ತಾಲೂಕು. ನಡುವೆ ಇರುವುದು ಒಂದು ಹೊಳೆ. ಆದರೆ 1951ರ ಮಾರ್ಚ್ 31ರ ತನಕ ಈ ದಂಡೆಗೊಂದು, ಆ ದಂಡೆಗೊಂದು ಕಾನೂನು ಇತ್ತು. ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿ 1862ರ ಜನವರಿ 1ರಿಂದಲೇ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ, ನಡೆಯುತ್ತಿತ್ತು. ರಾಯಚೂರು, ಕೊಪ್ಪಳ ನಿಜಾಮರ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನಕ್ಕೆ ಅದರದೇ ಕಾನೂನುಗಳು. ‘ಬಿ’ ವರ್ಗದ ರಾಜ್ಯಗಳ, ಅಂದರೆ ಹಿಂದಿನ ಸಂಸ್ಥಾನಗಳ, ಕಾನೂನು ಕಾಯ್ದೆ ಬಂದ ಮೇಲೆ, 1951ರ ಏಪ್ರಿಲ್ 1ರಂದು ಐಪಿಸಿ ಹೊಳೆ ದಾಟಿತು.

ಈಗ ಹೊಳೆ ದಾಟಿದರೂ, ಆದೋನಿ ಕಡೆ ಆಂಧ್ರಕ್ಕೆ ಹೋದರೂ, ಗದ್ವಾಲ ಕಡೆ ತೆಲಂಗಾಣಕ್ಕೆ ಹೋದರೂ ಈ ವಿಷಯದಲ್ಲಿ ಕಾನೂನು ಬದಲಾಗುವುದಿಲ್ಲ. ಬದಲಾಗಿದ್ದು ಒಂದು ರಾತ್ರಿಯಲ್ಲಿ. 2024ರ ಜೂನ್ 30ರ ರಾತ್ರಿ ಹನ್ನೊಂದೂವರೆಗೆ ಯಾರೋ ಒಬ್ಬ ಒಂದು ಎಮ್ಮೆಯ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದರೆ ಅವನಿಗೆ ಪುಸ್ತಕದ ಪ್ರಕಾರ ಜೀವಾವಧಿ ಇಲ್ಲವೇ 10 ವರ್ಷದವರೆಗೆ ಜೈಲು, ಮೇಲೆ ದಂಡ. ಅದೇ ಮನುಷ್ಯ ಅದೇ ಕೆಲಸವನ್ನು ಒಂದು ತಾಸು ತಡವಾಗಿ ಮಾಡಿದ್ದರೆ, ಎಮ್ಮೆಗೆ ಶಾಶ್ವತ ಊನವಾಗಿಲ್ಲದಿದ್ದರೆ, ಆ ಕೃತ್ಯಕ್ಕೆಂದು ಉಳಿಯುವ ಶಿಕ್ಷೆ ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ ದಂಡ. ಅಚ್ಚಿನ ತಪ್ಪಲ್ಲ, ಐವತ್ತೇ ರೂಪಾಯಿ.

ಇಷ್ಟು ದೊಡ್ಡ ಅಂತರ ಹೇಗೆ ಬಂತು ಎಂದು ತಿಳಿಯಬೇಕಾದರೆ, ಈ ಕೃತ್ಯವನ್ನು ಅಪರಾಧ ಎಂದು ಕರೆಯುವಾಗ ಕಾನೂನು ಯಾರನ್ನು ನೊಂದವರು ಎಂದು ಎಣಿಸುತ್ತದೆ ಎಂಬುದನ್ನು ನೋಡಬೇಕು. ಹಳೆಯ ಕಾನೂನುಗಳಿಗೆ ನೊಂದದ್ದು ದೇವರ ಕಟ್ಟಳೆ, ‘ಪ್ರಕೃತಿಯ ನಿಯಮ’. ಆಸ್ತಿಯ ಕಾನೂನಿಗೆ ನೊಂದವನು ದನದ ಯಜಮಾನ. ಪ್ರಾಣಿಯೇ ನೊಂದದ್ದು ಎಂದು ಹೇಳುವ ಕಾನೂನುಗಳು ಬಂದದ್ದು ಬಹುಮಟ್ಟಿಗೆ ಈಚಿನ ಇಪ್ಪತ್ತೈದು ವರ್ಷಗಳಲ್ಲಿ. ಶಿಕ್ಷೆಯ ಅಳತೆ, ಸಾಕ್ಷ್ಯದ ಭಾರ, ಪೊಲೀಸರ ಅಧಿಕಾರ ಎಲ್ಲವೂ ಇಲ್ಲಿಂದಲೇ ಕವಲೊಡೆಯುತ್ತವೆ.

377 ಹೋದ ಕಥೆ

ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಕಾಲದ 1533ರ ಕಾಯ್ದೆ ಇದಕ್ಕೆ ಮರಣದಂಡನೆ ಇಟ್ಟಿತ್ತು. ಮನುಷ್ಯರ ನಡುವಿನ ‘ಅಸ್ವಾಭಾವಿಕ’ ಸಂಬಂಧವನ್ನೂ ಪ್ರಾಣಿಯೊಂದಿಗಿನ ಕೃತ್ಯವನ್ನೂ ಅದು ಒಂದೇ ಗಂಟಿನಲ್ಲಿ ಕಟ್ಟಿತು. ಅಲ್ಲಿ ಮರಣದಂಡನೆ ಹೋದದ್ದು 1861ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಭಾರತಕ್ಕೆಂದು ಬರೆದ ಐಪಿಸಿಯ ಕಲಂ 377ರಲ್ಲೂ ಅದೇ ಗಂಟು ಇತ್ತು: ‘ಪ್ರಕೃತಿಯ ನಿಯಮಕ್ಕೆ ವಿರುದ್ಧವಾಗಿ’ ಗಂಡಸು, ಹೆಂಗಸು ಅಥವಾ ಪ್ರಾಣಿಯೊಂದಿಗೆ ಸಂಭೋಗ. ಪ್ರಾಣಿಗೆ ನೋವಾಯಿತೇ ಎಂಬ ಪ್ರಶ್ನೆಯೇ ಆ ಕಲಮಿನಲ್ಲಿಲ್ಲ. ದೇಹದೊಳಗೆ ಪ್ರವೇಶ ಆಗಿತ್ತು ಎಂದು ಸಾಬೀತಾದರೆ ಸಾಕು. ಅದು ಆಗದ ಬೇರೆ ಲೈಂಗಿಕ ಕೃತ್ಯಗಳು ಕಲಮಿನ ಹೊರಗೇ ಉಳಿದವು.

ಆದರೂ ಠಾಣೆಯ ಮಟ್ಟದಲ್ಲಿ 377 ಕೆಲಸಕ್ಕೆ ಬರುತ್ತಿತ್ತು. ಅದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ಎಫ್‌ಐಆರ್ ಹಾಕಿ ಆರೋಪಿಯನ್ನು ಹಿಡಿಯಬಹುದು. ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಒಂದು ವಿಚಿತ್ರವೂ ಇತ್ತು. ಕಲಮಿನಲ್ಲಿ ಜೀವಾವಧಿ ಎಂದಿದ್ದರೂ ವಿಚಾರಣೆ ನಡೆಸುವುದು ಮೊದಲ ದರ್ಜೆಯ ಮ್ಯಾಜಿಸ್ಟ್ರೇಟ್, ಅವರು ಕೊಡಬಹುದಾದ ಜೈಲು ಶಿಕ್ಷೆ ಮೂರು ವರ್ಷದ ಮೇಲೆ ಹೋಗುವಂತಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ನಡುವಿನ ಒಪ್ಪಿತ ಸಂಬಂಧವನ್ನು 377ರಿಂದ ಹೊರಗೆ ತೆಗೆಯಿತು. ಗಂಟನ್ನು ಬಿಚ್ಚಿದ ಕೆಲಸ ಅದು. ಒಪ್ಪಿಗೆಯಿಲ್ಲದ ಕೃತ್ಯ, ಮಕ್ಕಳ ಮೇಲಿನ ಕೃತ್ಯ, ಪ್ರಾಣಿಯ ಮೇಲಿನ ಕೃತ್ಯ ಇವೆಲ್ಲ ಕಲಮಿನೊಳಗೇ ಇರುತ್ತವೆ ಎಂದು ತೀರ್ಪು ಬಿಡಿಸಿ ಹೇಳಿತು. ಹಾಗಾಗಿ ‘ಸುಪ್ರೀಂ ಕೋರ್ಟೇ 377 ತೆಗೆದುಹಾಕಿತಲ್ಲ’ ಎಂಬ ಮಾತು ಅರ್ಧ ಸತ್ಯ. ಇಡೀ ಕಲಂ ಇಲ್ಲದಾದದ್ದು ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್, 2024ರ ಜುಲೈ 1ರಂದು ಜಾರಿಗೆ ಬಂದಾಗ. ಐಪಿಸಿಯ ಜಾಗಕ್ಕೆ ಬಂದ ಈ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ.

ಯಾರೂ ಎಚ್ಚರಿಸಿರಲಿಲ್ಲ ಎಂದೇನಲ್ಲ. ಮಸೂದೆಯನ್ನು ಪರಿಶೀಲಿಸಿದ ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ, ಒಪ್ಪಿಗೆಯಿಲ್ಲದ ಕೃತ್ಯಗಳಿಗೂ ಪ್ರಾಣಿಗಳ ಮೇಲಿನ ಕೃತ್ಯಕ್ಕೂ ಕಲಂ ಉಳಿಸಿರಿ ಎಂದು 2023ರ ನವೆಂಬರ್‌ನಲ್ಲೇ ಶಿಫಾರಸು ಮಾಡಿತ್ತು. ಉಳಿಸಲಿಲ್ಲ. 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಈ ಬಗ್ಗೆ ಬಂದ ಅರ್ಜಿಯನ್ನೇ ಮನವಿ ಎಂದು ತೆಗೆದುಕೊಂಡು, ಸಾಧ್ಯವಾದರೆ ಆರು ತಿಂಗಳೊಳಗೆ ನಿರ್ಧರಿಸಿ ಎಂದು ಕೇಂದ್ರಕ್ಕೆ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೊಸ ಅಪರಾಧವನ್ನು ಸೃಷ್ಟಿಸುವುದು ಸಂಸತ್ತಿನ ಕೆಲಸ, ನಮ್ಮದಲ್ಲ ಎಂದು ಅರ್ಜಿ ತಳ್ಳಿತು. ಕಾನೂನಿನ ದೃಷ್ಟಿಯಿಂದ ಆ ಮಾತು ಸರಿಯೇ.

ಜುಲೈ 1ಕ್ಕೆ ಮೊದಲು ನಡೆದ ಕೃತ್ಯಗಳ ಮೇಲೆ ಇಂದಿಗೂ 377 ಹಾಕಬಹುದು; ಬಿಎನ್‌ಎಸ್ ಕಲಂ 358 ಹಳೆಯ ಹೊಣೆಗಳನ್ನು ಹಾಗೆಯೇ ಉಳಿಸಿದೆ. ಮುಂದೆ ಹೊಸ ಕಲಂ ಬಂದರೆ ಅದು ನಡುವಿನ ಅವಧಿಯ ಕೃತ್ಯಗಳಿಗೆ ಅನ್ವಯಿಸುವುದಿಲ್ಲ. ಕೃತ್ಯ ನಡೆದ ದಿನ ಯಾವುದು ಅಪರಾಧವಾಗಿರಲಿಲ್ಲವೋ ಅದಕ್ಕೆ ಶಿಕ್ಷೆ ಕೊಡಬಾರದು ಎನ್ನುತ್ತದೆ ಸಂವಿಧಾನದ 20(1)ನೇ ವಿಧಿ. ಹಾಗಾಗಿ ದೂರಿನಲ್ಲಿ ಕೃತ್ಯದ ತಾರೀಖು ಬರೀ ಔಪಚಾರಿಕ ವಿವರವಲ್ಲ, ಅದರ ಮೇಲೇ ಕೇಸು ನಿಲ್ಲುತ್ತದೆ.

ಈಗ ಕೈಯಲ್ಲಿರುವುದು ಏನು

ಮೊದಲನೆಯದು 1960ರ ಪ್ರಾಣಿಗಳಿಗೆ ಕ್ರೌರ್ಯ ತಡೆ ಕಾಯ್ದೆ. ಅದರ ಕಲಂ 11(1)(ಎ) ಪ್ರಾಣಿಗೆ ಹೊಡೆಯುವುದು, ಒದೆಯುವುದು, ಹಿಂಸಿಸುವುದು, ಬೇರೆ ಯಾವುದೇ ರೀತಿಯಲ್ಲಿ ಅನಗತ್ಯ ನೋವು ಕೊಡುವುದನ್ನು ಅಪರಾಧ ಎನ್ನುತ್ತದೆ. ಲೈಂಗಿಕ ಕೃತ್ಯ ಎಂಬ ಪದ ಅಲ್ಲಿಲ್ಲ. ‘ಬೇರೆ ಯಾವುದೇ ರೀತಿ’ ಎಂಬ ಮಾತಿನೊಳಗೆ ಅದನ್ನು ಸೇರಿಸಬೇಕು, ಮತ್ತು ನೋವಾಗಿದೆ ಎಂದು ತೋರಿಸಬೇಕು. ಶಿಕ್ಷೆ ಮೇಲೆ ಹೇಳಿದ್ದೇ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಶಿಕ್ಷೆ ಸಣ್ಣದಿರುವುದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಕಾಯ್ದೆಯ ಕಲಂ 31 ಕೆಲವೇ ಉಪಕಲಂಗಳನ್ನು ಸಂಜ್ಞೇಯ ಎಂದು ಎಣಿಸುತ್ತದೆ; 11(1)(ಎ) ಅದರಲ್ಲಿಲ್ಲ. ಅಸಂಜ್ಞೇಯವಾದರೆ ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ, ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ, ಆಗುತ್ತದೆ. ಮ್ಯಾಜಿಸ್ಟ್ರೇಟರ ಆದೇಶ ಬರುವ ತನಕ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಹಿಡಿಯುವಂತಿಲ್ಲ. ‘ಪೊಲೀಸರು ಏನೂ ಮಾಡಲಿಲ್ಲ’ ಎಂದು ಊರವರು ಸಿಟ್ಟಾಗುವ ಎಷ್ಟೋ ಸಲ ಠಾಣೆಯವರ ಕೈ ಕಟ್ಟಿರುವುದು ಇಲ್ಲಿ.

ಎರಡನೆಯದು ಬಿಎನ್‌ಎಸ್ ಕಲಂ 325. ಯಾವುದೇ ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಊನ ಮಾಡುವುದು, ನಿರುಪಯುಕ್ತ ಮಾಡುವುದು; 5 ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಐಪಿಸಿಯಲ್ಲಿ ಇದು 428, 429 ಎಂದು ಎರಡಾಗಿತ್ತು: 10 ರೂಪಾಯಿ ಅಥವಾ ಹೆಚ್ಚು ಬೆಲೆಯ ಪ್ರಾಣಿಗೆ ಒಂದು ಶಿಕ್ಷೆ, ದನ, ಎಮ್ಮೆ, ಕುದುರೆ, ಒಂಟೆ, ಆನೆಗಳಿಗೂ 50 ರೂಪಾಯಿ ಅಥವಾ ಹೆಚ್ಚು ಬೆಲೆಯ ಇತರ ಪ್ರಾಣಿಗಳಿಗೂ ಇನ್ನೊಂದು. ಈಗ ಬೆಲೆಯ ಲೆಕ್ಕ ಹೋಗಿದೆ, ಅದೊಂದು ಒಳ್ಳೆಯ ಬದಲಾವಣೆ. ಇದು ಸಂಜ್ಞೇಯವೂ ಹೌದು. ಆದರೆ ಇದರ ಬೇರು ‘ನಷ್ಟ’ದಲ್ಲಿದೆ. ಯಾರಿಗಾದರೂ ಅಥವಾ ಸಾರ್ವಜನಿಕರಿಗೆ ನಷ್ಟವಾಗುವಂತೆ ಸ್ವತ್ತನ್ನು ಹಾಳುಮಾಡುವುದು ಎಂಬ ವ್ಯಾಖ್ಯೆಯ ಮೇಲೆ ಈ ಕಲಂ ನಿಂತಿದೆ. ಪ್ರಾಣಿ ಸತ್ತಿರಬೇಕು, ಇಲ್ಲವೇ ಒಂದು ಅಂಗ ಶಾಶ್ವತವಾಗಿ ಕೆಟ್ಟಿರಬೇಕು, ಇಲ್ಲವೇ ಕೆಲಸಕ್ಕೆ ಬಾರದಂತಾಗಿರಬೇಕು. ವಾರದಲ್ಲಿ ವಾಸಿಯಾಗುವ ಗಾಯ ಇದರೊಳಗೆ ಬರುವುದಿಲ್ಲ. ಬೀದಿನಾಯಿಗೆ ಯಜಮಾನನಿಲ್ಲ, ಹಾಗಾದರೆ ನಷ್ಟ ಯಾರಿಗೆ ಎಂದು ಆರೋಪಿಯ ವಕೀಲರು ಕೇಳುತ್ತಾರೆ. ಕೃತ್ಯ ಮಾಡಿದವನು ಯಜಮಾನನೇ ಆಗಿದ್ದರೆ ಈ ಕಲಂ ಬಹುತೇಕ ಕೈಬಿಡುತ್ತದೆ; ಉಳಿಯುವುದು 1960ರ ಕಾಯ್ದೆ ಮಾತ್ರ. ಅದರ ಕಲಂ 29ರ ಪ್ರಕಾರ ಶಿಕ್ಷೆಯಾದ ಮೇಲೆ ಕೋರ್ಟ್ ಅವನಿಂದ ಆ ಪ್ರಾಣಿಯ ಒಡೆತನವನ್ನೇ ಕಿತ್ತುಕೊಳ್ಳಬಹುದು. 50 ರೂಪಾಯಿಗಿಂತ ಇದೇ ನಿಜವಾದ ಶಿಕ್ಷೆ, ಆದರೆ ಕೇಳುವವರು ಕಡಿಮೆ.

ಮೂರನೆಯದನ್ನು ಅನುಭವಿ ವಕೀಲರು ಮೊದಲು ನೋಡುತ್ತಾರೆ: ಅತಿಕ್ರಮ ಪ್ರವೇಶ. ಬೇರೆಯವರ ದನದ ಮನೆಗೆ ರಾತ್ರಿ ನುಗ್ಗಿದ್ದಾನೆ ಎಂದುಕೊಳ್ಳಿ. ಮನುಷ್ಯರು ವಾಸಿಸುವ ಕಟ್ಟಡವಷ್ಟೇ ಅಲ್ಲ, ಸ್ವತ್ತನ್ನು ಇಡುವ ಕಟ್ಟಡವೂ ಕಾನೂನಿನ ಕಣ್ಣಲ್ಲಿ ‘ಮನೆ’ಯೇ. ಕೊಟ್ಟಿಗೆ ಅದರಲ್ಲಿ ಬರುತ್ತದೆ. ಬಿಎನ್‌ಎಸ್ ಕಲಂ 329(4)ರ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಇದೂ ಸಂಜ್ಞೇಯ. ಬಯಲಲ್ಲಿ ಬಲೆ ಕಟ್ಟಿ ನಿಲ್ಲಿಸಿದ ಕುರಿಹಟ್ಟಿಗೆ ಈ ವಾದ ಅಷ್ಟು ಸುಲಭವಾಗಿ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಕಟ್ಟಡವೇ ಇಲ್ಲ.

ಇವುಗಳನ್ನು ಒಟ್ಟಿಗೆ ಹಾಕುವುದಕ್ಕೆ ಕಾರಣವಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಿಎನ್‌ಎಸ್‌ಎಸ್‌ನ, ಕಲಂ 174(4) ಹೀಗೆ ಹೇಳುತ್ತದೆ: ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದು ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವೇ ಸಂಜ್ಞೇಯ. ಅಂದರೆ 329 ಅಥವಾ 325ರ ಅಂಶ ದೂರಿನಲ್ಲಿ ಸ್ಪಷ್ಟವಾಗಿದ್ದರೆ ಎನ್‌ಸಿಆರ್ ಬಾಗಿಲು ಮುಚ್ಚಿ ಎಫ್‌ಐಆರ್ ಬಾಗಿಲು ತೆರೆಯುತ್ತದೆ. ‘ಅಸಹ್ಯ ಕೆಲಸ ಮಾಡಿದ್ದಾನೆ’ ಎಂದು ಒಂದೇ ಸಾಲು ಬರೆದ ದೂರಿಗೂ, ‘ಬೀಗ ಹಾಕಿದ್ದ ಕೊಟ್ಟಿಗೆಗೆ ರಾತ್ರಿ ಸುಮಾರು 2 ಗಂಟೆಗೆ ನುಗ್ಗಿ, ಐದು ತಿಂಗಳ ಗಬ್ಬದ ಎಮ್ಮೆಗೆ ಗಾಯ ಮಾಡಿ, ಗಬ್ಬ ಹೋಗುವಂತೆ ಮಾಡಿದ್ದಾನೆ’ ಎಂದು ಬರೆದ ದೂರಿಗೂ ಇರುವ ವ್ಯತ್ಯಾಸ ಇದೇ. ನಡೆದಿದ್ದರೆ ಮಾತ್ರ ಬರೆಯಬೇಕು ಎಂದು ಬೇರೆ ಹೇಳಬೇಕಿಲ್ಲ.

ಕಾಡುಪ್ರಾಣಿಯಾದರೆ ಲೆಕ್ಕವೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದೊಳಗೆ ಹಿಡಿಯುವುದೂ ಗಾಯ ಮಾಡುವುದೂ ಸೇರಿವೆ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಯಲಬುರ್ಗಾ ಹೊಲದ ಕೃಷ್ಣಮೃಗಕ್ಕೆ, ಬಂಡೆಯ ಸಂದಿಯ ಉಡಕ್ಕೆ ಇರುವ ರಕ್ಷಣೆ ಪಕ್ಕದ ಹಟ್ಟಿಯ ಕುರಿಗೆ ಇಲ್ಲ.

ಇನ್ನೂ ಕಹಿಯಾದ ವ್ಯಂಗ್ಯ ಮೊಬೈಲಿನಲ್ಲಿದೆ. ಇಂಥ ಕೃತ್ಯದ ವಿಡಿಯೊವನ್ನು ‘ನೋಡ್ರಿ, ಎಂಥಾ ಜನ ಇದಾರ’ ಎಂದು ವಾಟ್ಸಾಪ್ ಗುಂಪಿಗೆ ಹಾಕಿದವನ ಮೇಲೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 67 ಅಥವಾ 67ಎ ಬೀಳಬಹುದು. 67ಎಯಲ್ಲಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಮಾಡಿದವನಿಗಿಂತ ಹಂಚಿದವನೇ ಹೆಚ್ಚು ಸಿಕ್ಕಿಬೀಳುತ್ತಾನೆ. ವಿಡಿಯೊ ಇದ್ದರೆ ಅಳಿಸಬೇಡಿ, ಯಾರಿಗೂ ಕಳಿಸಬೇಡಿ. ಫೋನನ್ನೇ ತನಿಖಾಧಿಕಾರಿಯ ಮುಂದೆ ಇಟ್ಟು ಮಹಜರಿನಲ್ಲಿ ಬರೆಸಿ.

ಬೇರೆ ದೇಶಗಳು ನಡೆದ ದಾರಿ

ಐಪಿಸಿಯ ಒಡಹುಟ್ಟಿದವರನ್ನೇ ಮೊದಲು ನೋಡೋಣ. ಪಾಕಿಸ್ತಾನ, ಬಾಂಗ್ಲಾದೇಶ ಹಳೆಯ 377ನ್ನು ಜೀವಾವಧಿಯ ಸಮೇತ ಇಟ್ಟುಕೊಂಡಿವೆ. ಮಲೇಷ್ಯಾ ಕಲಮನ್ನು ಒಡೆದು ಪ್ರಾಣಿಗೆಂದೇ ಒಂದು ಭಾಗ ಮಾಡಿ 20 ವರ್ಷದವರೆಗೆ ಜೈಲು ಇಟ್ಟಿತು. ಸಿಂಗಪುರ 2007ರ ತಿದ್ದುಪಡಿಯಲ್ಲಿ ಹಳೆಯ 377ನ್ನು ತೆಗೆದು, 377ಬಿ ಎಂದು ಪ್ರಾಣಿಗೆ ಸಂಬಂಧಿಸಿದ್ದನ್ನಷ್ಟೇ ಬೇರೆ ಬರೆದು 2 ವರ್ಷದವರೆಗೆ ಶಿಕ್ಷೆ ಇಟ್ಟಿತು. ಗಂಟು ಬಿಚ್ಚಿ ಬೇಕಾದ ಎಳೆಯನ್ನು ಉಳಿಸಿಕೊಳ್ಳುವುದು ಆಗದ ಕೆಲಸವೇನಲ್ಲ.

ಯುರೋಪಿನದು ಇನ್ನೊಂದು ಬಗೆ. ಫ್ರಾನ್ಸ್ ಕ್ರಾಂತಿಯ ಕಾಲದಲ್ಲಿ, 1791ರಲ್ಲಿ, ಧರ್ಮದ ಹೆಸರಿನ ಅಪರಾಧಗಳನ್ನೆಲ್ಲ ತೆಗೆಯುವಾಗ ಇದನ್ನೂ ತೆಗೆದಿತ್ತು. ಸ್ವೀಡನ್ 1944ರಲ್ಲಿ, ಜರ್ಮನಿ 1969ರಲ್ಲಿ ತೆಗೆದವು. ನೀತಿಯ ವಿಷಯದಲ್ಲಿ ಪೊಲೀಸರಿಗೆ ಏನು ಕೆಲಸ ಎಂಬುದು ಆಗಿನ ವಾದ. ಪ್ರಾಣಿಗೆ ಗಾಯವಾದರೆ ಕ್ರೌರ್ಯದ ಕಾನೂನು ಇದೆಯಲ್ಲ ಎಂದುಕೊಂಡರು. ಕೆಲವು ದಶಕಗಳಲ್ಲಿ ಆ ಭರವಸೆಯ ತೂತು ಕಂಡಿತು: ಗಾಯ ಕಾಣದಿದ್ದರೆ ನೋವನ್ನು ಸಾಬೀತು ಮಾಡುವುದು ಹೇಗೆ? ಹೀಗಾಗಿ ಒಂದೊಂದಾಗಿ ನಿಷೇಧ ಮರಳಿತು. ಫ್ರಾನ್ಸ್ 2004ರಲ್ಲಿ ತಂದು 2021ರಲ್ಲಿ ಶಿಕ್ಷೆಯನ್ನು 3 ವರ್ಷ ಜೈಲು, 45,000 ಯುರೋ ದಂಡಕ್ಕೆ ಏರಿಸಿತು. ನೆದರ್ಲೆಂಡ್ಸ್ 2010, ಸ್ವೀಡನ್ 2014, ಡೆನ್ಮಾರ್ಕ್ 2015. ಈ ಸಲ ಕಾರಣ ಬೇರೆ: ಪ್ರಾಣಿ ಒಪ್ಪಿಗೆ ಕೊಡಲಾರದು, ಆದ್ದರಿಂದ ಗಾಯವಾಗದಿದ್ದರೂ ಅದು ದುರ್ಬಳಕೆ.

ಜರ್ಮನಿ ಮಾತ್ರ ಅರ್ಧಕ್ಕೆ ನಿಂತಿದೆ. 2013ರಲ್ಲಿ ನಿಷೇಧವನ್ನು ದಂಡ ಸಂಹಿತೆಗೆ ಹಾಕದೆ ಪ್ರಾಣಿ ಸಂರಕ್ಷಣಾ ಕಾಯ್ದೆಗೆ ಹಾಕಿತು. ಅದು ಅಪರಾಧವಲ್ಲ, ಆಡಳಿತಾತ್ಮಕ ಉಲ್ಲಂಘನೆ. 25,000 ಯುರೋವರೆಗೆ ದಂಡ. ಪ್ರಾಣಿಯನ್ನು ಅದರ ಸ್ವಭಾವಕ್ಕೆ ವಿರುದ್ಧವಾಗಿ ನಡೆದುಕೊಳ್ಳುವಂತೆ ಬಲವಂತ ಮಾಡಿರಬೇಕು ಎಂಬ ಷರತ್ತೂ ಇದೆ. ಈ ನಿಷೇಧದ ವಿರುದ್ಧ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದವರೂ ಇದ್ದರು. 2015ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆ ದೂರನ್ನು ತಳ್ಳಿಹಾಕಿತು.

ಇಂಗ್ಲೆಂಡ್ 2003ರ ಕಾಯ್ದೆಯಲ್ಲಿ ಹಿಂದಿನ ಜೀವಾವಧಿಯನ್ನು 2 ವರ್ಷಕ್ಕೆ ಇಳಿಸಿತು, ಅದೂ ಪ್ರವೇಶದ ಕೃತ್ಯಕ್ಕೆ ಮಾತ್ರ. ಆಮೇಲೆ 2021ರಲ್ಲಿ ಪ್ರಾಣಿಹಿಂಸೆಯ ಗರಿಷ್ಠ ಶಿಕ್ಷೆ 5 ವರ್ಷಕ್ಕೆ ಏರಿತು. ಹಾಗಾಗಿ ಅಲ್ಲಿ ಗಾಯವಾಗಿದ್ದರೆ ಲೈಂಗಿಕ ಕೃತ್ಯದ ಕಲಮಿಗಿಂತ ಹಿಂಸೆಯ ಕಲಮೇ ಭಾರ. ನಮ್ಮಲ್ಲಿ ಆಗಬಹುದಾಗಿದ್ದುದು ಇದೇ ರೀತಿ: 377 ಹೋಗುವ ಹೊತ್ತಿಗೆ 1960ರ ಕಾಯ್ದೆ ಗಟ್ಟಿಯಾಗಿದ್ದರೆ ಈ ಗೋಳು ಇರುತ್ತಿರಲಿಲ್ಲ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟ ತಿದ್ದುಪಡಿ ಕರಡಿನಲ್ಲಿ ‘ಘೋರ ಕ್ರೌರ್ಯ’ ಎಂಬ ಹೊಸ ವರ್ಗವಿತ್ತು, ಪ್ರಾಣಿಗಳ ಮೇಲಿನ ಲೈಂಗಿಕ ಕೃತ್ಯ ಅದರಲ್ಲಿ ಹೆಸರು ಹಿಡಿದು ಸೇರಿತ್ತು. 2024ರ ಜುಲೈ ಬಂದಾಗಲೂ ಅದು ಕರಡಾಗಿಯೇ ಇತ್ತು.

ಪದದ ವ್ಯಾಖ್ಯೆ ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೆನಡಾವನ್ನು ನೋಡಬೇಕು. ಅಲ್ಲಿನ ಸಂಹಿತೆಯ ಕಲಂ 160 ಈ ಕೃತ್ಯಕ್ಕೆ 10 ವರ್ಷದವರೆಗೆ ಶಿಕ್ಷೆ ಇಟ್ಟಿತ್ತು, ಆದರೆ ಕೃತ್ಯ ಎಂದರೇನು ಎಂದು ಹೇಳಿರಲಿಲ್ಲ. 2016ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹಳೆಯ ಇಂಗ್ಲಿಷ್ ಕಾನೂನಿನ ಅರ್ಥದಲ್ಲಿ ಪ್ರವೇಶ ಬೇಕೇ ಬೇಕು, ಅರ್ಥವನ್ನು ಹಿಗ್ಗಿಸುವುದು ಸಂಸತ್ತಿನ ಕೆಲಸ ಎಂದು ಆರೋಪಿಯನ್ನು ಆ ಆರೋಪದಿಂದ ಬಿಟ್ಟಿತು. ಸಂಸತ್ತು 2019ರ ಜೂನ್‌ನಲ್ಲಿ ‘ಲೈಂಗಿಕ ಉದ್ದೇಶದಿಂದ ಪ್ರಾಣಿಯೊಂದಿಗೆ ಯಾವುದೇ ಸಂಪರ್ಕ’ ಎಂದು ಬರೆದು ತೂತು ಮುಚ್ಚಿತು. ಶಿಕ್ಷೆಯಾದವನು ಪ್ರಾಣಿ ಸಾಕದಂತೆ ಆದೇಶಿಸುವ ಅಧಿಕಾರವನ್ನೂ ಕೋರ್ಟಿಗೆ ಕೊಟ್ಟಿತು. ಸುಪ್ರೀಂ ಕೋರ್ಟ್ ‘ಇದು ಸಂಸತ್ತಿನ ಕೆಲಸ’ ಎನ್ನುವುದು ಅಲ್ಲಿಯೂ ಇಲ್ಲಿಯೂ ಒಂದೇ ಮಾತು. ಅಲ್ಲಿ ಮೂರು ವರ್ಷದಲ್ಲಿ ಉತ್ತರ ಬಂತು.

‘ಯಾವುದೇ ಸಂಪರ್ಕ’ ಎಂದು ಬರೆಯುವಾಗ ‘ಲೈಂಗಿಕ ಉದ್ದೇಶ’ ಎಂಬ ಎರಡು ಪದಗಳು ಯಾಕೆ ಅತ್ಯಗತ್ಯ ಎಂಬುದು ದನ ಕಟ್ಟಿದವರಿಗೆ ತಕ್ಷಣ ಗೊತ್ತಾಗುತ್ತದೆ. ಕೃತಕ ಗರ್ಭಧಾರಣೆ, ಕೈ ಹಾಕಿ ಗಬ್ಬ ಪರೀಕ್ಷೆ, ಹೋರಿಯಿಂದ ವೀರ್ಯ ಸಂಗ್ರಹ, ಕಷ್ಟದ ಹೆರಿಗೆ ಬಿಡಿಸುವುದು ಎಲ್ಲವೂ ಆ ಅಂಗಗಳ ಸಂಪರ್ಕವೇ. ಹಾಲಿನ ಡೇರಿ ಇರುವ ಊರಲ್ಲೆಲ್ಲ ಇದು ದಿನದ ಕೆಲಸ. ಅಮೆರಿಕದ ಟೆಕ್ಸಾಸ್ 2017ರಲ್ಲಿ ಕಾನೂನು ಮಾಡಿದಾಗ ಪಶುಸಂಗೋಪನೆಯ ಮತ್ತು ಪಶುವೈದ್ಯದ ರೂಢಿಯ ಕೆಲಸಗಳಿಗೆ ಹೆಸರು ಹೇಳಿ ವಿನಾಯಿತಿ ಕೊಟ್ಟಿತು.

ಅಮೆರಿಕದಲ್ಲಿ ಇದು ಮುಖ್ಯವಾಗಿ ರಾಜ್ಯಗಳ ವಿಷಯ. ವಾಷಿಂಗ್ಟನ್ ರಾಜ್ಯದಲ್ಲಿ 2005ರಲ್ಲಿ ಇಂಥ ಕೃತ್ಯದಲ್ಲಿ ಒಬ್ಬ ಸತ್ತಾಗ, ಅದನ್ನು ನಿಷೇಧಿಸುವ ಕಾನೂನೇ ಅಲ್ಲಿಲ್ಲ ಎಂದು ಗೊತ್ತಾಗಿ 2006ರಲ್ಲಿ ಮಾಡಿದರು. ನ್ಯೂ ಮೆಕ್ಸಿಕೊ ಮಾಡಿದ್ದು 2023ರಲ್ಲಿ. 2019ರ ಕೇಂದ್ರ ಕಾಯ್ದೆಯೊಂದು ಪ್ರಾಣಿಗಳ ಮೇಲಿನ ತೀವ್ರ ಹಿಂಸೆಯ ಜೊತೆ ಲೈಂಗಿಕ ಶೋಷಣೆಯನ್ನೂ ಸೇರಿಸಿ 7 ವರ್ಷದವರೆಗೆ ಶಿಕ್ಷೆ ಇಟ್ಟಿದೆ, ಆದರೆ ರಾಜ್ಯಗಳ ನಡುವಿನ ವ್ಯವಹಾರ ಅಥವಾ ಕೇಂದ್ರದ ಭೂಮಿಗೆ ನಂಟಿದ್ದರೆ ಮಾತ್ರ. ಆಸ್ಟ್ರೇಲಿಯಾದಲ್ಲೂ ರಾಜ್ಯಕ್ಕೊಂದು ಅಳತೆ: ನ್ಯೂ ಸೌತ್ ವೇಲ್ಸ್‌ನಲ್ಲಿ 14 ವರ್ಷ, ಗಡಿ ದಾಟಿ ಕ್ವೀನ್ಸ್‌ಲ್ಯಾಂಡಿಗೆ ಹೋದರೆ 7.

ನಮ್ಮ ರಾಜ್ಯಗಳಿಗೂ ಆ ಅಧಿಕಾರ ಇಲ್ಲವೇ ಎಂದರೆ, ಇದೆ. ದಂಡ ಕಾನೂನೂ ಪ್ರಾಣಿಹಿಂಸೆ ತಡೆಯೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಕೇಂದ್ರದ ಕಾಯ್ದೆಗೆ ರಾಜ್ಯ ತಿದ್ದುಪಡಿ ತಂದು ರಾಷ್ಟ್ರಪತಿಗಳ ಒಪ್ಪಿಗೆ ಪಡೆದರೆ ಆ ರಾಜ್ಯದಲ್ಲಿ ತಿದ್ದುಪಡಿಯೇ ನಡೆಯುತ್ತದೆ. ಕರ್ನಾಟಕ ಇದನ್ನು ಮಾಡಿ ತೋರಿಸಿದೆ: ಕಂಬಳಕ್ಕಾಗಿ 1960ರ ಇದೇ ಕಾಯ್ದೆಗೆ 2017ರ ತಿದ್ದುಪಡಿ ತಂದಿತು, 2018ರಲ್ಲಿ ಒಪ್ಪಿಗೆ ಸಿಕ್ಕಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೋಣ ಓಡಿಸಲು ತೆರೆದ ಬಾಗಿಲಿನಿಂದಲೇ ಎಮ್ಮೆಯನ್ನು ಕಾಪಾಡುವ ಕಲಮೂ ಬರಬಹುದು.

ಊರಲ್ಲಿ ಇಂಥದು ನಡೆದರೆ

ಮೊದಲು ಪ್ರಾಣಿಯನ್ನು ತೊಳೆಯಬೇಡಿ. ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ಹೇಸಿಗೆಯಿಂದ ನೀರು ಹಾಕಿಬಿಡುತ್ತಾರೆ, ಸಾಕ್ಷ್ಯ ಹೋಗುತ್ತದೆ. ನೆರಳಲ್ಲಿ, ಬೇರೆ ದನಗಳಿಂದ ದೂರ ಕಟ್ಟಿ. ಪೊಲೀಸರಿಗೆ 112, ಪಶುವೈದ್ಯ ಸಂಚಾರಿ ಘಟಕಕ್ಕೆ 1962. ಕೊಟ್ಟಿಗೆಯ ನೆಲ, ಹಗ್ಗ, ಬಿದ್ದ ಬಟ್ಟೆ ಮುಟ್ಟಬೇಡಿ.

ಪಶು ವೈದ್ಯಾಧಿಕಾರಿಯ ಪರೀಕ್ಷೆ ಅದೇ ದಿನ ಆಗಬೇಕು, ಪೊಲೀಸರ ಕೋರಿಕೆ ಪತ್ರದ ಮೇಲೆ ಆದರೆ ಉತ್ತಮ. ಪರೀಕ್ಷೆಯಿಂದ ಎರಡು ಕೆಲಸ ಆಗಬೇಕು. ಒಂದು, ಮಾದರಿ ಸಂಗ್ರಹ. ಸ್ವ್ಯಾಬ್‌ಗಳನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಹಾಕಿ ಮೊಹರು ಮಾಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಪಸೆ ಹಿಡಿದು ಬೂಷ್ಟು ಬಂದು ಡಿಎನ್‌ಎ ಕೆಡುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಅರ್ಧ ದಿನ ಇಟ್ಟರೂ ಅಷ್ಟೇ. ಅಪರಾಧಕ್ಕೆ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇದ್ದರೆ ಮಾತ್ರ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರುವುದು ಬಿಎನ್‌ಎಸ್‌ಎಸ್‌ನಲ್ಲಿ ಕಡ್ಡಾಯ. 325ಕ್ಕೆ 5 ವರ್ಷ ಆದ್ದರಿಂದ ತಜ್ಞರು ತಾವಾಗಿ ಬರುವುದಿಲ್ಲ. ಆ ಜವಾಬ್ದಾರಿ ಠಾಣಾಧಿಕಾರಿ ಮತ್ತು ಪಶುವೈದ್ಯರ ಮೇಲೇ ಬೀಳುತ್ತದೆ.

ಎರಡು, ಗಾಯದ ಪ್ರಮಾಣಪತ್ರ. ‘ಗಾಯಗಳಿವೆ’ ಎಂದಷ್ಟೇ ಬರೆದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಗಾಯ ಎಷ್ಟು ಹೊತ್ತಿನದು, ವಾಸಿಯಾಗುವುದೋ ಶಾಶ್ವತವೋ, ಗಬ್ಬ ಹೋಯಿತೇ, ಮುಂದೆ ಗಬ್ಬ ಕಟ್ಟುವ ಶಕ್ತಿ ಉಳಿದಿದೆಯೇ, ಹಾಲು ಎಷ್ಟು ಲೀಟರಿನಿಂದ ಎಷ್ಟಕ್ಕೆ ಇಳಿಯಿತು ಎಂಬುದು ಬೇಕು. ‘ನಿರುಪಯುಕ್ತ’ ಎಂಬ ಪದ ಸಾಬೀತಾಗುವುದು ಈ ಸಾಲುಗಳಿಂದ. ಡೇರಿಯ ಹಾಲಿನ ಲೆಕ್ಕದ ಪುಸ್ತಕ ಇಲ್ಲಿ ಒಳ್ಳೆಯ ಸಾಕ್ಷಿ. ಕಿವಿಯ ಬಿಲ್ಲೆಯ 12 ಅಂಕಿಯ ಸಂಖ್ಯೆಯನ್ನು ದೂರು, ಮಹಜರು, ಪ್ರಮಾಣಪತ್ರ ಮೂರರಲ್ಲೂ ಒಂದೇ ರೀತಿ ಬರೆಸಿ. ಒಂದು ಅಂಕಿ ತಪ್ಪಿದರೂ ‘ಇದು ಬೇರೆ ಎಮ್ಮೆ’ ಎಂದು ಪಾಟಿ ಸವಾಲಿನಲ್ಲಿ ಕೇಳುತ್ತಾರೆ.

ಪರೀಕ್ಷೆ ಆಗುವ ತನಕ ಯಾರ ಹೆಸರನ್ನೂ ಹೇಳದಿರುವುದು ಒಳ್ಳೆಯದು. ಕಷ್ಟದ ಹೆರಿಗೆ, ಗರ್ಭಕೋಶ ಹೊರಬರುವುದು, ನಾಯಿ ಕಡಿತ, ಹುಳ ಬಿದ್ದ ಗಾಯ ಇವೂ ನೋಡಲು ಹಾಗೇ ಕಾಣಬಹುದು. ಹೊಲದ ಬದುವಿನ ಜಗಳ ಈ ಆರೋಪದ ವೇಷ ಹಾಕಿ ಬರುವುದೂ ಉಂಟು. ಸಿಕ್ಕವನನ್ನು ಕಂಬಕ್ಕೆ ಕಟ್ಟಿ ಬಡಿದರೆ ಬಡಿದವರ ಮೇಲೆ ಬೀಳುವ ಕಲಂ ಅವನ ಮೇಲಿನದಕ್ಕಿಂತ ಭಾರ. ಸಿಕ್ಕವನು 18 ದಾಟದ ಹುಡುಗನಾಗಿದ್ದರೆ ಬಾಲನ್ಯಾಯ ಮಂಡಳಿಗೆ ಹೋಗಬೇಕು. ಬುದ್ಧಿ ಸ್ತಿಮಿತ ಇಲ್ಲದವನಾದರೆ ಬಿಎನ್‌ಎಸ್ ಕಲಂ 22 ಅನ್ವಯಿಸಬಹುದು. ಇಂಥ ಸೆಳೆತ ತನ್ನಲ್ಲೇ ಇದೆ ಎಂದು ಯಾರಿಗಾದರೂ ಅನಿಸಿದರೆ 14416 ಟೆಲಿ ಮಾನಸ್ ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು, ಹೆಸರು ಬೇಕಿಲ್ಲ.

ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಆಂಧ್ರ, ತೆಲಂಗಾಣಕ್ಕೆ ಹೋಗುವ ಕುರಿಗಾರರಿಗೆ ಒಂದು ಮಾತು. ಕೃತ್ಯ ಎಲ್ಲಿ ನಡೆಯಿತೋ ಅಲ್ಲಿನ ಕೋರ್ಟೇ ವಿಚಾರಣೆ ಮಾಡುತ್ತದೆ. ಆದರೆ ಸಂಜ್ಞೇಯ ಅಪರಾಧದ ದೂರನ್ನು ಊರಿನ ಠಾಣೆಯಲ್ಲೇ ‘ಜೀರೊ ಎಫ್‌ಐಆರ್’ ಆಗಿ ಕೊಡಬಹುದು, ಅವರು ಆ ಠಾಣೆಗೆ ಕಳಿಸುತ್ತಾರೆ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ, ಅಲ್ಲಿಯೂ ಆಗದಿದ್ದರೆ ಜೆಎಂಎಫ್‌ಸಿ, ಅಂದರೆ ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರ, ಕೋರ್ಟಿಗೆ ಅರ್ಜಿ.

ಬರೀ 1960ರ ಕಾಯ್ದೆಯ ಕೇಸಾಗಿದ್ದರೆ ಗಡಿಯಾರ ಬೇಗ ಓಡುತ್ತದೆ. ಅದರ ಕಲಂ 36ರ ಪ್ರಕಾರ ಕೃತ್ಯ ನಡೆದ ದಿನದಿಂದ ಮೂರು ತಿಂಗಳು ಕಳೆದ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಎನ್‌ಸಿಆರ್ ಮಾಡಿಸಿ ‘ಪ್ರಯೋಗಾಲಯದ ವರದಿ ಬರಲಿ’ ಎಂದು ಕೂತರೆ ಅವಧಿ ಮುಗಿದೇ ಹೋಗುತ್ತದೆ. ಪಶುವೈದ್ಯರ ಪ್ರಮಾಣಪತ್ರ, ಎನ್‌ಸಿಆರ್ ಪ್ರತಿ, ಸಾಕ್ಷಿಗಳ ಪಟ್ಟಿ ಕೈಗೆ ಬಂದ ಕೂಡಲೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಿ, ಪ್ರಯೋಗಾಲಯದ ವರದಿಯನ್ನು ಆಮೇಲೆ ಸೇರಿಸಲು ಅನುಮತಿ ಕೇಳಿ. ಈಗಿನ ಬಿಎನ್‌ಎಸ್‌ಎಸ್ ಕಲಂ 223ರಲ್ಲಿ, ದೂರನ್ನು ವಿಚಾರಣೆಗೆ ಸ್ವೀಕರಿಸುವ ಮೊದಲೇ ಆರೋಪಿಯ ಮಾತು ಕೇಳಬೇಕೆಂದಿದೆ. ಆ ನೋಟಿಸಿಗೂ ದಿನಗಳು ಹಿಡಿಯುತ್ತವೆ. ಹಾಗಾಗಿ ಮೂರನೇ ತಿಂಗಳ ತನಕ ಕಾಯದೆ ಮೊದಲ ತಿಂಗಳಲ್ಲೇ ವಕೀಲರ ಹತ್ತಿರ ಹೋಗಿ.